ಹಿರಿಯರ ಬಾಯಲ್ಲಿನ ಅಪರೂಪದ ಪದ ಎಲ್ಲಿಂದ ಬಂತು?

ಪ್ರಶ್ನೆ: ಮನೆಯ ಹಿರಿಯರು ಆಡುವ ಹಲವು ಪದಗಳು ಶಾಲೆಯ ಪುಸ್ತಕದಲ್ಲೂ ಇಲ್ಲ, ಸಾಮಾನ್ಯ ನಿಘಂಟಿನಲ್ಲೂ ಇಲ್ಲ. ಇವು ಶುದ್ಧ ಪದಗಳು ಕೆಟ್ಟು ಹುಟ್ಟಿದವೇ? ಕೆಲವಂತೂ ಬೇರೆ ಭಾಷೆಯ ಪದದ ಹಾಗೇ ಕೇಳಿಸುತ್ತವೆ. ಅಲ್ಲಿಂದಲೇ ಬಂದವು ಎಂದುಕೊಳ್ಳಬಹುದೇ? ಭಾಷಾಶಾಸ್ತ್ರ ಓದದವರು ಇಂಥ ಪದದ ಮೂಲ ಹುಡುಕಲು ಏನಾದರೂ ಕ್ರಮ ಇದೆಯೇ?

ಉತ್ತರ: ‘ಕೆಟ್ಟವೇ’ ಎಂಬ ಪ್ರಶ್ನೆಯಿಂದಲೇ ಶುರು ಮಾಡೋಣ. ಅಲ್ಲಿ ಎಡವಿದರೆ ಮುಂದಿನ ಹುಡುಕಾಟವೆಲ್ಲ ದಾರಿ ತಪ್ಪುತ್ತದೆ. ಮೊದಲು ಶಿಷ್ಟ ರೂಪವಿತ್ತು, ಆಮೇಲೆ ಅದು ಹಳ್ಳಿಯ ಬಾಯಿಗೆ ಸಿಕ್ಕಿ ಕೆಟ್ಟಿತು ಅನ್ನುವುದು ಶಾಲೆ ನಮ್ಮ ತಲೆಯಲ್ಲಿ ಕೂರಿಸಿದ ನಂಬಿಕೆ. ಶಿಷ್ಟ ಭಾಷೆಯೂ ಒಂದಾನೊಂದು ಸೀಮೆಯ ಆಡುನುಡಿಯೇ. ಆಡಳಿತ, ಅಚ್ಚು, ಶಾಲೆ ಅದನ್ನು ಎತ್ತಿಕೊಂಡವು, ಅಷ್ಟೆ. ಉಳಿದ ನುಡಿಗಳು ಅದರ ಮಕ್ಕಳಲ್ಲ, ಒಡಹುಟ್ಟಿದವು. ಹವ್ಯಕ ಕನ್ನಡದಲ್ಲಿ ‘ನಾನು’ ಅನ್ನುವ ಕಡೆ ‘ಆನು’ ಇದೆ, ‘ನನಗೆ’ ಅನ್ನುವ ಕಡೆ ‘ಎನಗೆ’ ಇದೆ. ಹಳಗನ್ನಡ ಓದಿದವರಿಗೆ ಈ ‘ಆನ್’, ‘ಎನಗೆ’ ಎರಡೂ ಚಿರಪರಿಚಿತ. ಇಲ್ಲಿ ಬದಲಾದದ್ದು ಪುಸ್ತಕದ ರೂಪ, ಹಳೆಯದನ್ನು ಉಳಿಸಿಕೊಂಡದ್ದು ಮನೆಮಾತು.

ಇಂಗ್ಲಿಷಿನಲ್ಲೂ ಇದೇ ಕಥೆ. ಇರುವೆಗೆ ಪುಸ್ತಕದಲ್ಲಿ ‘ಆಂಟ್’, ಕಾರ್ನ್‌ವಾಲ್ ಕಡೆಯವರ ಮಾತಿನಲ್ಲಿ ‘ಎಮೆಟ್’. ಎರಡೂ ಹಳೆಯ ಇಂಗ್ಲಿಷಿನ ‘ಆ್ಯಮೆಟ್ಟೆ’ಯಿಂದ ಬಂದವು. ಒಂದು ನಡುವಿನ ಸ್ವರವನ್ನು ನುಂಗಿತು, ಇನ್ನೊಂದು ಉಳಿಸಿಕೊಂಡಿತು. ಮೂಲಕ್ಕೆ ಹತ್ತಿರ ಇರುವುದು ‘ಎಮೆಟ್’. ಜೇಡಕ್ಕೆ ಉತ್ತರ ಇಂಗ್ಲೆಂಡಿನಲ್ಲಿದ್ದ ‘ಆಟರ್‌ಕಾಪ್’ ಎಂಬ ಪದವನ್ನು ಕೇಳಿದರೆ ಯಾರೋ ತಮಾಷೆಗೆ ಕಟ್ಟಿದ್ದು ಅನ್ನಿಸುತ್ತದೆ. ಆದರೆ ಹಳೆಯ ಇಂಗ್ಲಿಷಿನಲ್ಲಿ ‘ಆಟೊರ್’ ಎಂದರೆ ವಿಷ. ಪದದ ಉತ್ತರಾರ್ಧ ಇಂದಿನ ಶಿಷ್ಟ ಇಂಗ್ಲಿಷಿನಲ್ಲೂ ಸತ್ತಿಲ್ಲ, ಜೇಡರಬಲೆಗೆ ಹೇಳುವ ‘ಕಾಬ್‌ವೆಬ್’ನ ಒಳಗೆ ಕೂತಿದೆ.

ಇವೆಲ್ಲಕ್ಕಿಂತ ಸೊಗಸಾದ ಉದಾಹರಣೆ ಸ್ವಿಟ್ಜರ್ಲೆಂಡಿನ ಜರ್ಮನ್ ಆಡುನುಡಿಯದು. ಅಲ್ಲಿ ಬೆಣ್ಣೆಗೆ ‘ಆಂಕೆ’ ಎನ್ನುತ್ತಾರೆ. ಶಿಷ್ಟ ಜರ್ಮನ್ನಿನ ‘ಬುಟರ್’ ಎಂಬುದು ಗ್ರೀಕ್ ಪದ, ಲ್ಯಾಟಿನ್ ಮೂಲಕ ಬಂದ ಎರವಲು. ‘ಆಂಕೆ’ ಮಾತ್ರ ಅಪ್ಪಟ ಸ್ವಂತದ್ದು. ಅದರ ಬೇರು ‘ಸವರು, ಬಳಿ’ ಎಂಬ ಅರ್ಥದ ಪುರಾತನ ಇಂಡೋ-ಯುರೋಪಿಯನ್ ಧಾತು. ಅದೇ ಧಾತು ಸಂಸ್ಕೃತದಲ್ಲಿ ‘ಅಂಜ್’ ಆಗಿ, ನಾವು ದಿನಾ ಆಡುವ ‘ಅಂಜನ’, ‘ಅಭ್ಯಂಜನ’ಗಳಲ್ಲಿ ಉಳಿದಿದೆ. ಆಲ್ಪ್ಸ್ ಬೆಟ್ಟದ ಹಳ್ಳಿಯ ಬೆಣ್ಣೆಗೂ ನಮ್ಮ ಎಣ್ಣೆಸ್ನಾನಕ್ಕೂ ಹೆಸರು ಒಂದೇ ಬೇರಿನದು. ಆದರೆ ‘ಆಂಕೆ’, ‘ಅಂಜನ’ ಎರಡನ್ನೂ ಪಕ್ಕದಲ್ಲಿಟ್ಟು ಕೇಳಿದರೆ ಯಾರಿಗೂ ಈ ನೆಂಟಸ್ತಿಕೆ ಹೊಳೆಯುವುದಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ನಿಮ್ಮ ಮುಂದಿನ ಪ್ರಶ್ನೆಗೆ ಬೇಕಾಗುತ್ತದೆ.

ಒಂದೇ ಥರ ಕೇಳಿಸಿದರೆ ಒಂದೇ ಮೂಲವೇ? ಅಲ್ಲ. ಹುಡುಕಾಟದಲ್ಲಿ ಎಲ್ಲರಿಗಿಂತ ಹೆಚ್ಚು ಮೋಸ ಮಾಡುವುದು ಈ ಹೋಲಿಕೆಯೇ. ಆಸ್ಟ್ರೇಲಿಯಾದ ಈಶಾನ್ಯ ಭಾಗದ ಮೂಲನಿವಾಸಿಗಳ ಒಂದು ಭಾಷೆ ಎಂಬಬರಮ್. ಈಗ ಅಳಿದುಹೋಗಿರುವ ಅದರಲ್ಲಿ ನಾಯಿಗೆ ‘ಡಾಗ್’ ಎನ್ನುತ್ತಿದ್ದರು! ಇಂಗ್ಲಿಷಿನವರಿಂದ ಕಲಿತದ್ದು ಎಂದು ಯಾರಾದರೂ ಹೇಳಿಯಾರು. ಅದನ್ನು ದಾಖಲಿಸಿದ ಭಾಷಾಶಾಸ್ತ್ರಜ್ಞ ಆರ್. ಎಂ. ಡಬ್ಲ್ಯು. ಡಿಕ್ಸನ್ ಅಲ್ಲಿಗೇ ನಿಲ್ಲಲಿಲ್ಲ. ನೆರೆಯ ಯಿಡಿನ್ ಭಾಷೆಯಲ್ಲಿ ನಾಯಿಗೆ ‘ಗುಡಗ’. ಎಂಬಬರಮ್‌ನಲ್ಲಿ ಪದದ ಮೊದಲ ವ್ಯಂಜನವೂ ಸ್ವರವೂ ಉದುರುತ್ತವೆ. ಪದ ಮೊದಲು ಗ-ಕಾರದಿಂದ ಶುರುವಾಗಿದ್ದರೆ ಎರಡನೆಯ ಅಕ್ಷರದ ‘ಅ’ ‘ಒ’ ಆಗುತ್ತದೆ. ಈ ಬದಲಾವಣೆ ನಾಯಿಯೊಂದಕ್ಕೇ ಅಲ್ಲ, ಬೇರೆ ಪದಗಳಿಗೂ ತಪ್ಪದೆ ಅನ್ವಯಿಸುತ್ತದೆ. ಅಂದರೆ ‘ಗುಡಗ’ ತನ್ನ ಭಾಷೆಯ ಕಟ್ಟಳೆಯಂತೆಯೇ ನಡೆದು ‘ಡಾಗ್’ ಆಯಿತು. ಇಂಗ್ಲಿಷಿನ ಡಾಗ್ ಜೊತೆ ಅದಕ್ಕೆ ಸಂಬಂಧವೇ ಇಲ್ಲ. ಪರ್ಷಿಯನ್ನಿನ ‘ಬದ್’, ಇಂಗ್ಲಿಷಿನ ‘ಬ್ಯಾಡ್’ ಎರಡಕ್ಕೂ ಅರ್ಥ ‘ಕೆಟ್ಟದ್ದು’, ಇವೂ ಸಂಬಂಧಿಕರಲ್ಲ. ಜರ್ಮನ್ನಿನ ‘ಹಾಬೆನ್’, ಲ್ಯಾಟಿನ್ನಿನ ‘ಹಬೆರೆ’ ಎರಡೂ ‘ಹೊಂದಿರು’ ಎಂದೇ ಹೇಳುತ್ತವೆ, ಆದರೂ ಜರ್ಮನ್ ಪದದ ನಿಜವಾದ ಒಡಹುಟ್ಟು ‘ಹಿಡಿ’ ಎಂಬರ್ಥದ ಲ್ಯಾಟಿನ್ ‘ಕಪೆರೆ’. ಸಾವಿರಾರು ಪದಗಳಿರುವ ಎರಡು ಭಾಷೆಗಳಲ್ಲಿ ಇಂಥ ಕಾಕತಾಳೀಯ ಕೆಲವಾದರೂ ಸಿಕ್ಕೇ ಸಿಗುತ್ತವೆ. ಅಮ್ಮ, ಅಪ್ಪ, ಅವ್ವ ಬಗೆಯ ಪದಗಳನ್ನಂತೂ ಸಾಕ್ಷಿಗೆ ಕರೆಯಲೇಬೇಡಿ. ತುಟಿ ಕೂಡಿಸಿ ಬಿಡಿಸುವ ಶಬ್ದಗಳು ಮಗುವಿಗೆ ಮೊದಲು ಬರುವುದರಿಂದ ಲೋಕದ ಮೂಲೆಮೂಲೆಯಲ್ಲೂ ತಂದೆತಾಯಿಗೆ ಅಂಥವೇ ಹೆಸರು.

ಹಾಗಾದರೆ ಯಾವುದನ್ನು ನಂಬಬೇಕು? ಹೋಲಿಕೆಯನ್ನಲ್ಲ, ಕ್ರಮಬದ್ಧ ವ್ಯತ್ಯಾಸವನ್ನು. ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಆಡುವ ಬ್ರಾಹೂಯಿ ಭಾಷೆಯಲ್ಲಿ ಕಲ್ಲಿಗೆ ‘ಖಲ್’, ಕಣ್ಣಿಗೆ ‘ಖನ್’. ಒಂದು ಪದ ಹೀಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ನಮ್ಮ ಕ-ಕಾರ ಇರುವ ಕಡೆ ಅಲ್ಲಿ ಗಂಟಲುಜ್ಜಿ ಬರುವ ಖ-ಕಾರ ಮತ್ತೆ ಮತ್ತೆ ಸಿಗುವುದರಿಂದಲೇ ಅದು ದ್ರಾವಿಡ ಕುಟುಂಬದ್ದು ಎಂಬ ಮಾತು ಗಟ್ಟಿಯಾಯಿತು.

ಕನ್ನಡದ ಪದ ಹುಡುಕುವವರಿಗೆ ಬಾಯಿಪಾಠ ಇರಲೇಬೇಕಾದ ಬದಲಾವಣೆ ಪ-ಕಾರ ಹ-ಕಾರವಾದದ್ದು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೊಸ ಹೊಸದಾಯಿತು. ಶಾಸನಗಳಲ್ಲಿ ಸುಮಾರು 10ನೇ ಶತಮಾನದಿಂದ ಇದು ಇಣುಕತೊಡಗಿ, 14ನೇ ಶತಮಾನದ ಹೊತ್ತಿಗೆ ಮೇಲುಗೈ ಪಡೆಯಿತು. ತುಳುವಿನಲ್ಲಿ ಇದು ಆಗಲಿಲ್ಲ. ಅಲ್ಲಿ ಇವತ್ತಿಗೂ ‘ಪಿಲಿ’, ‘ಪೊಸ’. ಈ ಒಂದು ನಿಯಮ ಕೈಯಲ್ಲಿದ್ದರೆ ಪದದ ವಯಸ್ಸನ್ನೇ ಅಳೆಯಬಹುದು. ಹಬ್ಬ, ಹಕ್ಕಿ, ಹುಣ್ಣಿಮೆ, ಹೊತ್ತಗೆ ಇವೆಲ್ಲ ಪರ್ವ, ಪಕ್ಷಿ, ಪೂರ್ಣಿಮಾ, ಪುಸ್ತಕಗಳಿಂದ ಪ್ರಾಕೃತದ ಬಾಯಿ ದಾಟಿ ಬಂದವು. ಬದಲಾವಣೆಗೆ ಮುಂಚೆಯೇ ಮನೆ ಸೇರಿದ್ದರಿಂದ ಮನೆಯವರ ಜೊತೆ ತಾವೂ ಬದಲಾದವು. ಪುಸ್ತಕ, ಪಕ್ಷಿ ಎಂಬ ರೂಪಗಳು ಸಂಸ್ಕೃತದಿಂದ ನೇರವಾಗಿ ಎತ್ತಿಕೊಂಡವು, ಹಾಗಾಗಿ ಪ-ಕಾರ ಅಲುಗಲಿಲ್ಲ. ಉತ್ತರ ಕರ್ನಾಟಕದಲ್ಲಿ ಸಂಬಳಕ್ಕೆ ‘ಪಗಾರ’ ಎನ್ನುತ್ತಾರಲ್ಲ, ಅದು ‘ಹಗಾರ’ ಏಕೆ ಆಗಲಿಲ್ಲ? ಅದು ಪೋರ್ಚುಗೀಸರ ‘ಪಗಾರ್’, ಹಣ ಕೊಡು ಎಂಬರ್ಥದ ಕ್ರಿಯಾಪದ, ಮರಾಠಿಯಲ್ಲೂ ಇದೆ. ಪೋರ್ಚುಗೀಸರು ಈ ತೀರಕ್ಕೆ ಬಂದದ್ದೇ 1498ರಲ್ಲಿ. ಅಷ್ಟರಲ್ಲಿ ಪ-ಕಾರದ ಆ ಬಾಗಿಲು ಮುಚ್ಚಿತ್ತು. ಅತ್ತ ‘ಸಂಬಳ’ವೂ ಶುರುವಿನಿಂದ ಕೂಲಿಯ ಹೆಸರಲ್ಲ, ಸಂಸ್ಕೃತದ ‘ಶಂಬಲ’ ಎಂದರೆ ದಾರಿಯ ಬುತ್ತಿ, ಪ್ರಯಾಣದ ಖರ್ಚು.

ಇದೇ ಉಪಾಯ ಜರ್ಮನ್ನಿನಲ್ಲಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ನೋಡಿ. ಬವೇರಿಯಾದ ಹಳೆಯ ಆಡುನುಡಿಯಲ್ಲಿ ಗುರುವಾರಕ್ಕೆ ‘ಪ್ಫಿಂಟ್ಸ್‌ಟಾಗ್’ ಎಂಬ ಹೆಸರಿತ್ತು. ಜರ್ಮನ್ನರ ಯಾವ ದೇವತೆಯೂ ಅದರಲ್ಲಿಲ್ಲ. ಇರುವುದು ಗ್ರೀಕಿನ ‘ಪೆಂಪ್ಟೆ’, ಅಂದರೆ ಐದನೆಯದು. ನಮ್ಮ ‘ಪಂಚಮಿ’ಯ ದೂರದ ಬಂಧು. ಭಾನುವಾರದಿಂದ ಎಣಿಸಿದರೆ ಗುರುವಾರ ಐದನೆಯ ದಿನ. ಜರ್ಮನ್ನಿನ ದಕ್ಷಿಣದ ನುಡಿಗಳಲ್ಲಿ ಪದದ ಮೊದಲ ಪ-ಕಾರ ಪ್ಫ್ ಎಂಬ ಜೋಡುಧ್ವನಿಯಾದದ್ದು ಮಧ್ಯಯುಗದ ಆರಂಭದಲ್ಲಿ. ಈ ಪದದ ಆದಿಯಲ್ಲೂ ಆ ಜೋಡುಧ್ವನಿಯೇ ಇರುವುದರಿಂದ, ಅದು ಆ ಬದಲಾವಣೆಗೆ ಮೊದಲೇ ಗ್ರೀಕರ ಕಡೆಯಿಂದ ಬಂದಿರಲೇಬೇಕು. ಬರವಣಿಗೆಯ ದಾಖಲೆ ತಲುಪದ ಕಾಲವನ್ನು ಒಂದು ವ್ಯಂಜನ ಹೇಳಿಬಿಡುತ್ತದೆ.

ಈಗ ಕೆಲಸದ ಮಾತು. ಪದ ಸಿಕ್ಕ ತಕ್ಷಣ ನಿಘಂಟಿಗೆ ಓಡಬೇಡಿ, ಮೊದಲು ಪದವನ್ನು ಸರಿಯಾಗಿ ಬರೆದುಕೊಳ್ಳಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಒಂಟಿ ಪದವನ್ನು ಬರೆದುಕೊಂಡರೆ ಅರ್ಧ ಸಾಕ್ಷಿ ಕಳೆದಂತೆ. ಸ್ವರ ಹ್ರಸ್ವವೋ ದೀರ್ಘವೋ, ವ್ಯಂಜನ ಒಂಟಿಯೋ ಒತ್ತೋ, ಲ-ಕಾರವೋ ಳ-ಕಾರವೋ ಎಂಬುದನ್ನು ಕೇಳಿಸಿದ ಹಾಗೇ ಬರೆಯಿರಿ. ನಿಮಗೆ ಸರಿ ಎನ್ನಿಸಿದ ಹಾಗೆ ತಿದ್ದಬೇಡಿ. ಅದು ಬಂದ ಎರಡು ಮೂರು ವಾಕ್ಯಗಳನ್ನು ಇಡಿಯಾಗಿ ಇಟ್ಟುಕೊಳ್ಳಿ. ನಾಮಪದವಾದರೆ ಬಹುವಚನ ಮತ್ತು ‘ಗೆ/ಕ್ಕೆ’ ಹಚ್ಚಿದ ರೂಪ, ಕ್ರಿಯಾಪದವಾದರೆ ಭೂತಕಾಲದ ರೂಪ ಕಡ್ಡಾಯವಾಗಿ ಬೇಕು.

ಭೂತಕಾಲದ ಮೇಲೆ ಇಷ್ಟು ಒತ್ತಾಯ ಏಕೆಂದರೆ, ಪದದ ಬುಡದಲ್ಲಿ ಅಳಿಸಿಹೋದ ಗುರುತು ಅಲ್ಲಿ ಉಳಿದಿರುತ್ತದೆ. ಹಳಗನ್ನಡದಲ್ಲಿ ೞ ಮತ್ತು ಱ ಎಂಬ ಎರಡು ಅಕ್ಷರಗಳಿದ್ದವು, ಮುಂದೆ ಅವು ಳ ಮತ್ತು ರ-ಗಳಲ್ಲಿ ಬೆರೆತುಹೋದವು. ‘ಬೀಳು’, ‘ಏಳು’ ಇವು ಇಂದು ‘ಕೇಳು’ ಥರವೇ ಕಾಣುತ್ತವೆ. ಆದರೆ ‘ಕೇಳಿದ’ ಎಂದಂತೆ ‘ಬೀಳಿದ’, ‘ಏಳಿದ’ ಎನ್ನುವುದಿಲ್ಲ. ಬಿದ್ದ, ಎದ್ದ ಎನ್ನುತ್ತೇವೆ. ಬೀೞ್, ಏೞ್ ಎಂದಿದ್ದ ಕಾಲದ ಪಳೆಯುಳಿಕೆ ಈ ‘ದ್ದ’. ಒಂದು ಎಚ್ಚರ ಇರಲಿ. ಇಂಥ ಗುರುತು ಇದ್ದರೆ ಅದು ಸಾಕ್ಷಿ, ಇಲ್ಲದಿದ್ದರೆ ಏನೂ ಸಾಬೀತಾಗುವುದಿಲ್ಲ. ‘ಹೇಳು’ ಕೂಡ ಹಿಂದೆ ‘ಪೇೞ್’ ಆಗಿತ್ತು, ಆದರೂ ಇಂದು ‘ಹೇಳಿದ’ ಎಂದು ಉಳಿದವುಗಳ ಸಾಲಿಗೆ ಬಂದು ನಿಂತಿದೆ. ಹಾಗೆಯೇ ‘ಹಾಲು ಕರೆ’, ‘ಜನರನ್ನು ಕರೆ’ ಎಂಬ ಎರಡು ‘ಕರೆ’ಗಳನ್ನು ಒಂದೇ ಪದದ ಎರಡು ಅರ್ಥ ಎಂದು ಭಾವಿಸಿ ಕಥೆ ಕಟ್ಟುವವರಿದ್ದಾರೆ. ಹಾಲಿನದು ‘ಕಱೆ’, ತಮಿಳಿನಲ್ಲೂ ಅದು ‘ಕಱ’. ಕೂಗಿ ಕರೆಯುವುದು ಸಾದಾ ರ-ಕಾರದ ‘ಕರೆ’. ಎರಡು ಬೇರೆ ಬೇರೆ ಪದಗಳು ಕಾಲಾಂತರದಲ್ಲಿ ಒಂದೇ ಅಂಗಿ ತೊಟ್ಟವು.

ಕೇಳುವ ರೀತಿಯೂ ಮುಖ್ಯ. ‘ನಿಮ್ಮಲ್ಲಿ ಇದಕ್ಕೆ ಹೀಗೆ ಹೇಳುತ್ತಾರಾ?’ ಎಂದು ಪದವನ್ನು ನೀವೇ ಬಾಯಿಗೆ ಇಟ್ಟರೆ ಎದುರಿನವರು ಮರ್ಯಾದೆಗೆ ‘ಹೌದು’ ಅನ್ನುತ್ತಾರೆ. ವಸ್ತುವನ್ನೋ ಚಿತ್ರವನ್ನೋ ತೋರಿಸಿ, ಇಲ್ಲವೇ ಕೆಲಸವನ್ನು ಅಭಿನಯಿಸಿ ‘ಇದಕ್ಕೆ ಏನಂತೀರಿ?’ ಎಂದು ಕೇಳಿ. 1950ರಿಂದ 1961ರವರೆಗೆ ಇಂಗ್ಲೆಂಡಿನ 313 ಊರುಗಳಲ್ಲಿ ನಡೆದ ಆಡುನುಡಿ ಸಮೀಕ್ಷೆ ಹೀಗೇ, ಪದವನ್ನು ಬಾಯಿಬಿಡದೆ ಪ್ರಶ್ನೆ ಕೇಳಿಯೇ ನಡೆಯಿತು. ಫ್ರಾನ್ಸಿನ ಭಾಷಾ ಭೂಪಟಕ್ಕಾಗಿ ಎಡ್ಮಂಡ್ ಎಡ್ಮೋಂ ಎಂಬವರು 1897ರಿಂದ 1901ರ ನಡುವೆ 639 ಊರು ಸುತ್ತಿದರು. ಅವರ ಕಟ್ಟುನಿಟ್ಟಿನ ನಿಯಮ: ಮೊದಲು ಬಂದ ಉತ್ತರವನ್ನೇ ಬರೆಯುವುದು, ಕೆದಕಿ ಎರಡನೆಯ ಉತ್ತರ ಹೊರಡಿಸದಿರುವುದು. ಕೆದಕಿದಷ್ಟೂ ಶಾಲೆಯ ಪದ ಹೊರಬರುತ್ತದೆ.

ಆ ಭೂಪಟದಿಂದಲೇ ಆಡುನುಡಿ ಅಧ್ಯಯನದ ಅತ್ಯಂತ ಪ್ರಸಿದ್ಧ ಒಗಟು ಬಿಡಿಸಿಕೊಂಡಿತು. ಫ್ರಾನ್ಸಿನ ನೈಋತ್ಯದ ಗಾಸ್ಕನಿ ಸೀಮೆಯಲ್ಲಿ ಹುಂಜಕ್ಕೆ ವಿಚಿತ್ರ ಹೆಸರುಗಳು. ಒಂದು ಕಡೆ ಫೆಸೆಂಟ್ ಎಂಬ ಕಾಡುಹಕ್ಕಿಯ ಹೆಸರು, ಇನ್ನೊಂದು ಕಡೆ ಊರಿನ ನ್ಯಾಯಾಧಿಕಾರಿಯ ಪದವಿಯ ಹೆಸರು! ಹಳ್ಳಿಗರ ಹಾಸ್ಯಪ್ರಜ್ಞೆ ಎಂದು ಸುಮ್ಮನಾಗಬಹುದಿತ್ತು. ಆ ಭೂಪಟದ ಯೋಜನೆ ರೂಪಿಸಿದ ಝೂಲ್ ಜಿಲಿಯೆರೋಂ ನಕ್ಷೆಯ ಮೇಲೆ ಇನ್ನೊಂದು ಗೆರೆ ಎಳೆದು ನೋಡಿದರು. ಲ್ಯಾಟಿನ್ನಿನ ‘ಗಲ್ಲುಸ್’ ಎಂದರೆ ಹುಂಜ, ‘ಕತ್ತುಸ್’ ಎಂದರೆ ಬೆಕ್ಕು. ಗಾಸ್ಕನಿಯಲ್ಲಿ ಪದದ ಕೊನೆಯ ಲ್ಲ-ಕಾರ ತ-ಕಾರವಾಗುವುದು ನಿಯಮ. ಆ ನಿಯಮದಂತೆ ಹುಂಜ ‘ಗತ್’ ಆಗಬೇಕು. ಬೆಕ್ಕು ಆಗಲೇ ‘ಗತ್’ ಆಗಿ ಕೂತಿತ್ತು. ‘ಗತ್ ಹೋಯಿತು’ ಎಂದರೆ ಹೋದದ್ದು ಬೆಕ್ಕೋ, ಬೆಕ್ಕಿನ ಬಾಯಿಗೆ ಸಿಕ್ಕ ಹುಂಜವೋ? ಸಾಕುವವರಿಗೆ ಇದು ದಿನದ ತಾಪತ್ರಯ. ಹಾಗಾಗಿ ಹುಂಜ ಬೇರೆ ಹೆಸರು ಹುಡುಕಿಕೊಂಡಿತು. ಲ್ಲ ತ ಆಗುವ ಸೀಮೆ ಎಲ್ಲಿ ಮುಗಿಯುತ್ತದೋ ಹುಂಜದ ಆ ವಿಚಿತ್ರ ಹೆಸರುಗಳೂ ಬಹುತೇಕ ಅಲ್ಲೇ ಮುಗಿಯುತ್ತವೆ. ಅಪರೂಪದ ಪದ ಎದುರಾದಾಗ ‘ಇದು ಎಲ್ಲಿಂದ ಬಂತು’ ಎಂಬುದರ ಜೊತೆಗೆ ‘ಇದು ಯಾವುದರ ಜಾಗಕ್ಕೆ ಬಂತು, ಆ ಹಳೆಯದಕ್ಕೆ ಏನಾಗಿತ್ತು’ ಎಂದು ಕೇಳಬೇಕು ಎನ್ನುವುದು ಇದಕ್ಕೇ. ಫ್ರಾನ್ಸಿನ ಉತ್ತರದಲ್ಲಿ ಜೇನುನೊಣಕ್ಕೆ ಆದ ಕಷ್ಟ ಇನ್ನೊಂದು ಬಗೆಯದು. ಲ್ಯಾಟಿನ್ನಿನ ‘ಅಪಿಸ್’ ಸವೆಯುತ್ತಾ ಸವೆಯುತ್ತಾ ‘ಎ’ ಎಂಬ ಒಂದೇ ಸ್ವರಕ್ಕೆ ಇಳಿಯಿತು. ಅಷ್ಟು ಚಿಕ್ಕ ಪದ ಮಾತಿನ ಗದ್ದಲದಲ್ಲಿ ಉಳಿಯದು. ಜನ ‘ಜೇನಿನ ನೊಣ’ ಎಂದು ಬಿಡಿಸಿ ಹೇಳತೊಡಗಿದರು, ಶಿಷ್ಟ ಫ್ರೆಂಚ್ ದಕ್ಷಿಣದ ನುಡಿಯಿಂದ ‘ಅಬೆಯ್’ ಎಂಬುದನ್ನು ಎರವಲು ತಂದುಕೊಂಡಿತು.

ನಕ್ಷೆ ಹೇಳುವ ಇನ್ನೊಂದು ಸಂಗತಿ ಜಪಾನಿನದು. ಅಲ್ಲಿನ ಜಾನಪದ ವಿದ್ವಾಂಸ ಯಾನಾಗಿತಾ ಕುನಿಯೊ 1930ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಸವನಹುಳುವಿನ ಹೆಸರುಗಳನ್ನು ದೇಶದುದ್ದಕ್ಕೂ ಗುರುತಿಸಿದರು. ಹಳೆಯ ರಾಜಧಾನಿ ಕ್ಯೋಟೊದ ಸುತ್ತ ‘ದೇದೇಮುಷಿ’, ಅದರಾಚೆ ‘ಮೈಮೈ’, ಇನ್ನೂ ಆಚೆ ‘ಕತತ್ಸುಮುರಿ’, ಆಮೇಲೆ ‘ತ್ಸುಬುರಿ’, ಎರಡೂ ತುದಿಗಳಲ್ಲಿ ‘ನಮೆಕುಜಿ’. ಕೆರೆಗೆ ಕಲ್ಲು ಹಾಕಿದಾಗ ಏಳುವ ಅಲೆಗಳ ಹಾಗೆ. ರಾಜಧಾನಿಯಲ್ಲಿ ಹೊಸ ಪದ ಹುಟ್ಟಿದಾಗಲೆಲ್ಲ ಹಳೆಯದು ಹೊರಕ್ಕೆ ಸರಿಯಿತು, ಆದ್ದರಿಂದ ಅತಿ ದೂರದಲ್ಲಿರುವುದು ಅತಿ ಹಳೆಯದು ಎಂದು ಅವರ ವಾದ. ಪರಸ್ಪರ ದೂರವಿರುವ, ನಡುವೆ ಹೋಗಿಬರುವುದಿಲ್ಲದ ಎರಡು ಅಂಚುಗಳಲ್ಲಿ ಒಂದೇ ಪದ ಸಿಕ್ಕರೆ ಅದು ಹಳೆಯದಿರಬಹುದು ಎಂಬ ಸೂಚನೆ ನಿಜಕ್ಕೂ ಉಪಯುಕ್ತ. ಆದರೆ ಎಲ್ಲ ಪದಗಳೂ ಹೀಗೆ ನಡೆಯುವುದಿಲ್ಲ, ಅಂಚಿನಲ್ಲೇ ಹೊಸದು ಹುಟ್ಟುವುದೂ ಉಂಟು. ನಕ್ಷೆಯನ್ನು ಧ್ವನಿ ನಿಯಮದ ಜೊತೆ ಇಟ್ಟು ನೋಡಿ, ಒಂಟಿಯಾಗಿ ಬೇಡ.

ಕೆಲವು ಪದಗಳು ಅಪರಿಚಿತ ಅನ್ನಿಸುವುದು ಅವು ಎರಡು ಪದಗಳು ಸವೆದು ಒಂದಾದ್ದರಿಂದ. ‘ಇವತ್ತು’ ಎಂಬುದನ್ನು ಬಿಡಿಸಿ ನೋಡಿ: ಈ ಹೊತ್ತು, ಹಳೆಯ ರೂಪದಲ್ಲಿ ಈ ಪೊೞ್ತು. ತಮಿಳಿನ ‘ಇಪ್ಪೋ’ ಸಹ ‘ಈ ಪೊೞುದು’ ಎಂಬುದರ ಸವೆತವೇ. ಅರಬ್ಬಿಯ ಆಡುನುಡಿಗಳಲ್ಲಿ ‘ಈಗ’ ಎನ್ನಲು ಊರಿಗೊಂದು ಪದ. ಸಿರಿಯಾ, ಲೆಬನಾನ್ ಕಡೆ ‘ಹಲ್ಲ’ ಎಂದು ಗಂಟಲಲ್ಲಿ ಕಡಿದು ನಿಲ್ಲಿಸುತ್ತಾರೆ, ಈಜಿಪ್ಟಿನಲ್ಲಿ ‘ದಿಲ್ವಅತಿ’, ಇರಾಕಿನಲ್ಲಿ ‘ಹಸ್ಸ’. ಮೂರೂ ಬೇರೆ ಬೇರೆ ಎನ್ನಿಸಿದರೂ ಮೊದಲೆರಡರಲ್ಲಿ ಇರುವುದು ‘ಈ ವಕ್ತ್’, ಮೂರನೆಯದರಲ್ಲಿ ‘ಈ ತಾಸು’. ಅರಬ್ಬಿಗೂ ಕನ್ನಡಕ್ಕೂ ರಕ್ತಸಂಬಂಧವಿಲ್ಲ, ಪದ ಕಟ್ಟಿದ ಜಾಡು ಮಾತ್ರ ಒಂದೇ. ಅತಿ ಹೆಚ್ಚು ಬಳಕೆಯಾಗುವ ಪದ ಅತಿ ಹೆಚ್ಚು ಸವೆಯುತ್ತದೆ. ಹಾಗಾಗಿ ಕಾಲ, ಜಾಗ, ‘ಹಾಗೆ’, ‘ಹೀಗೆ’ ಬಗೆಯ ವಿಚಿತ್ರ ಪದ ಸಿಕ್ಕರೆ ಮೊದಲು ಅದನ್ನು ಎರಡಾಗಿ ಒಡೆದು ನೋಡಿ.

ಹೆದರಿಕೆಯಿಂದ ಹುಟ್ಟಿದ ಪದಗಳದ್ದು ಇನ್ನೊಂದು ಗುಂಪು. ಕರಡಿಗೆ ಸಂಸ್ಕೃತದಲ್ಲಿ ‘ಋಕ್ಷ’, ಗ್ರೀಕಿನಲ್ಲಿ ‘ಆರ್ಕ್ಟೊಸ್’. ಈ ಹಳೆಯ ಹೆಸರನ್ನು ಸ್ಲಾವ್ ಜನ ಬಿಟ್ಟುಕೊಟ್ಟರು. ರಷ್ಯನ್ನರ ‘ಮೆದ್ವೇದ್’ ಎಂದರೆ ಜೇನು ತಿನ್ನುವುದು. ನಮ್ಮ ‘ಮಧು’ ಅದರಲ್ಲಿ ಹಾಗೇ ಇದೆ. ಹೆಸರು ಹಿಡಿದರೆ ಬಂದೀತು ಎಂಬ ಅಂಜಿಕೆ ಹೀಗೆ ಸುತ್ತುಬಳಸಿ ಹೇಳಿಸುತ್ತದೆ. ಹಾವು ಕಚ್ಚಿತು ಎನ್ನದೆ ‘ಹುಳ ಮುಟ್ಟಿತು’ ಎನ್ನುವಾಗ ನಾವೂ ಅದನ್ನೇ ಮಾಡುತ್ತೇವೆ. ಸ್ಕಾಟ್ಲೆಂಡಿನ ಉತ್ತರದ ಶೆಟ್ಲೆಂಡ್ ದ್ವೀಪಗಳಲ್ಲಿ ಮೀನುಗಾರರು ಕಡಲಿಗಿಳಿದ ಮೇಲೆ ನೆಲದ ಪದಗಳನ್ನು ಆಡುತ್ತಿರಲಿಲ್ಲ. ಪಾದ್ರಿಯನ್ನು ‘ಎದ್ದು ನಿಲ್ಲುವವ’ ಎಂಬರ್ಥದ ಪದದಿಂದ, ಚರ್ಚನ್ನು ‘ಪ್ರಾರ್ಥನೆಯ ಮನೆ’ ಎಂಬರ್ಥದ ಪದದಿಂದ ಸೂಚಿಸುತ್ತಿದ್ದರು. ಅಲ್ಲಿ ಹಿಂದೆ ಇದ್ದ ನಾರ್ನ್ ಎಂಬ ಸ್ಕ್ಯಾಂಡಿನೇವಿಯನ್ ಭಾಷೆ ಮನೆಗಳಲ್ಲಿ ಅಳಿದ ಮೇಲೂ ಕಡಲ ಮಾತಿನಲ್ಲಿ ಅದರ ಪದಗಳು ಉಸಿರಾಡುತ್ತಿದ್ದವು. ಫಾರೋ ದ್ವೀಪದ ವಿದ್ವಾಂಸ ಯಾಕೋಬ್ ಯಾಕೋಬ್ಸೆನ್ 1893ರಿಂದ 1895ರವರೆಗೆ ಅಲ್ಲಿದ್ದು ಸುಮಾರು 10,000 ನಾರ್ನ್ ಮೂಲದ ಪದಗಳನ್ನು ಕಲೆಹಾಕಿದರು. ಇನ್ನೊಂದೆರಡು ತಲೆಮಾರು ತಡವಾಗಿದ್ದರೆ ಅವುಗಳಲ್ಲಿ ಎಷ್ಟೋ ಸಿಗುತ್ತಿರಲಿಲ್ಲ.

ಎರವಲು ಪದವನ್ನು ಗುರುತಿಸಲು ಕನ್ನಡದಲ್ಲಿ ಒಂದು ಸುಲಭ ಪರೀಕ್ಷೆ ಇದೆ. ಅಚ್ಚ ದ್ರಾವಿಡ ಪದಗಳು ಮೂಲದಲ್ಲಿ ರ, ಲ, ಟ, ಡ-ಗಳಿಂದ ಶುರುವಾಗುತ್ತಿರಲಿಲ್ಲ, ಮಹಾಪ್ರಾಣವೂ ಅವಕ್ಕಿರಲಿಲ್ಲ. ಉತ್ತರ ಕರ್ನಾಟಕದ ‘ರೊಕ್ಕ’ ಕೇಳಿದೊಡನೆ ಇದು ಹೊರಗಿನದು ಎಂದು ಅನುಮಾನಿಸಬಹುದು. ಮರಾಠಿಯ ‘ರೋಖ’, ಹಿಂದಿಯ ‘ರೋಕಡ್’ ಅದರ ಬಳಗ, ಅರ್ಥ ನಗದು. ತೆಲುಗಿನ ‘ರೋಲು’ ಮಾತ್ರ ಈ ಪರೀಕ್ಷೆಯನ್ನು ದಾರಿ ತಪ್ಪಿಸುತ್ತದೆ. ಅದು ನಮ್ಮ ‘ಒರಳು’. ತೆಲುಗಿನಲ್ಲಿ ಮೊದಲ ಸ್ವರವೂ ವ್ಯಂಜನವೂ ಸ್ಥಳ ಬದಲಿಸಿಕೊಂಡಿವೆ, ಅಷ್ಟೆ. ಟಪಟಪ, ಲೊಟಲೊಟ ಥರದ ಅನುಕರಣ ಪದಗಳಿಗೂ ಈ ಕಟ್ಟಳೆ ಇಲ್ಲ.

ಎರವಲಾಗಿ ಬಂದದ್ದು ಕೂಡ ಒಂದು ಭಾಷೆಯ ಶಿಷ್ಟ ರೂಪವೇ ಆಗಿರಬೇಕಿಲ್ಲ. ಕನ್ನಡಿಗರು ಒಂದು ಕಡೆ ‘ಚಹಾ’ ಅನ್ನುತ್ತಾರೆ, ಇನ್ನೊಂದು ಕಡೆ ‘ಟೀ’. ಎರಡೂ ಚೀನಾದ ಒಂದೇ ಪದ, ಒಂದೇ ಲಿಪಿಚಿಹ್ನೆ. ಹೆಚ್ಚಿನ ಚೀನೀ ನುಡಿಗಳಲ್ಲಿ ಅದು ‘ಛಾ’, ಆಗ್ನೇಯ ತೀರದ ಶಿಯಾಮೆನ್ ಬಂದರಿನ ಆಡುನುಡಿಯಲ್ಲಿ ‘ತೆ’. ಆ ತೀರದೊಡನೆ ವ್ಯಾಪಾರ ಮಾಡಿದ ಡಚ್ಚರು ‘ತೆ’ಯನ್ನು ಯುರೋಪಿಗೆ ಹೊತ್ತರು, ಭೂಮಾರ್ಗದಲ್ಲಿ ಪರ್ಷಿಯಾದ ಕಡೆಗೆ, ಮಕಾವ್‌ನಿಂದ ಪೋರ್ಚುಗೀಸರ ಕಡೆಗೆ ಹೋದದ್ದು ‘ಛಾ’. ಚೀನಾದೊಳಗಿನ ಒಂದು ಆಡುನುಡಿ ವ್ಯತ್ಯಾಸ ಲೋಕದ ಹೆಚ್ಚಿನ ಭಾಷೆಗಳನ್ನು ಎರಡು ಪಾಲು ಮಾಡಿತು.

ಇನ್ನು ಕಥೆಗಳ ಬಗ್ಗೆ. ಪದಕ್ಕೆ ಅಂಟಿಕೊಂಡ ಕಥೆ ಎಷ್ಟು ಸ್ವಾರಸ್ಯವೋ ಅಷ್ಟು ಅನುಮಾನಿಸಿ. ಕಾಂಗರೂ ಎಂದರೆ ‘ನನಗೆ ಗೊತ್ತಿಲ್ಲ’ ಎಂದು, ಕುಕ್ ನಾವಿಕನಿಗೆ ಸ್ಥಳೀಯರು ಹಾಗೆ ಉತ್ತರಿಸಿದರಂತೆ ಎಂದು ಎಲ್ಲರೂ ಕೇಳಿದ್ದೇವೆ. 1770ರಲ್ಲಿ ಆಸ್ಟ್ರೇಲಿಯಾದ ಎಂಡೆವರ್ ನದಿಯ ಬಳಿ ಬರೆದುಕೊಂಡ ಪದ ಅದು. 1820ರಲ್ಲಿ ಅದೇ ಜಾಗಕ್ಕೆ ಹೋದ ಇನ್ನೊಬ್ಬ ನಾವಿಕನಿಗೆ ಬೇರೆ ಪದ ಸಿಕ್ಕಿ ಗೊಂದಲವಾಯಿತು, ಕಥೆಗೆ ರೆಕ್ಕೆ ಬಂತು. 1970ರ ದಶಕದಲ್ಲಿ ಭಾಷಾ ಸಂಶೋಧಕ ಜಾನ್ ಹ್ಯಾವಿಲೆಂಡ್ ಆ ಜಾಗದ ಗೂಗು ಯಿಮಿದಿರ್ ಭಾಷೆಯನ್ನೇ ಅಧ್ಯಯನ ಮಾಡಿದಾಗ ತಿಳಿಯಿತು: ‘ಗಂಗುರ್ರು’ ಒಂದು ಬಗೆಯ ದೊಡ್ಡ ಕಾಂಗರೂವಿನ ಹೆಸರೇ. 1820ರಲ್ಲಿ ಸಿಕ್ಕದ್ದು ‘ತಿನ್ನಬಹುದಾದ ಪ್ರಾಣಿ’ ಎಂಬರ್ಥದ ಪದ. ಕೇಳಿದ ಪ್ರಶ್ನೆ ಬೇರೆ, ಬಂದ ಉತ್ತರ ಬೇರೆ. ಜನ ಅರ್ಥವಾಗದ ಪದವನ್ನು ಅರ್ಥವಾಗುವ ಹಾಗೆ ತಿರುಚುವುದೂ ಉಂಟು. ಇಂಗ್ಲಿಷ್ ಹಳ್ಳಿಗರು ‘ಅಸ್ಪಾರಗಸ್’ ಎಂಬ ಗಿಡವನ್ನು ‘ಸ್ಪ್ಯಾರೋ-ಗ್ರಾಸ್’, ಅಂದರೆ ಗುಬ್ಬಿಹುಲ್ಲು ಮಾಡಿದರು. ಇದನ್ನು ಜಾನಪದ ನಿರುಕ್ತಿ ಎನ್ನುತ್ತೇವೆ. ಅದನ್ನು ದಾಖಲಿಸಲೇಬೇಕು, ಮೂಲ ಎಂದು ಮಾತ್ರ ನಂಬಬಾರದು.

ಹಳೆಯದು ಎಂಬ ಹೆಮ್ಮೆಯೂ ಕಣ್ಣು ಮುಚ್ಚಿಸುತ್ತದೆ. ಉತ್ತರ ಇಂಗ್ಲೆಂಡಿನಲ್ಲಿ ಕುರಿ ಎಣಿಸುವಾಗ ‘ಯಾನ್, ತಾನ್, ತೆದೆರ, ಮೆದೆರ, ಪಿಂಪ್’ ಎನ್ನುತ್ತಿದ್ದರು. ಹತ್ತಕ್ಕೆ ‘ದಿಕ್’, ಹದಿನೈದಕ್ಕೆ ‘ಬಂಫಿಟ್’. ವೆಲ್ಶ್ ಭಾಷೆಯ ಐದು ‘ಪಿಂಪ್’, ಹತ್ತು ‘ದೆಗ್’, ಹದಿನೈದು ‘ಪಿಮ್‌ಥೆಗ್’. ವೆಲ್ಶ್ ಸೇರಿದ ಕೆಲ್ಟಿಕ್ ಭಾಷಾಕುಟುಂಬದ ಸಂಬಂಧದಲ್ಲಿ ಸಂದೇಹವಿಲ್ಲ. ಆದರೆ ಇಂಗ್ಲಿಷರು ಬರುವ ಮುಂಚಿನ ನುಡಿ ಅಲ್ಲೇ ಸಾವಿರ ವರ್ಷ ಉಳಿದದ್ದೇ ಇದು, ಅಥವಾ ಆಮೇಲೆ ಆಚೆ ಸೀಮೆಯಿಂದ ಬಂದದ್ದೇ ಎಂಬುದು ತೀರ್ಮಾನವಾಗಿಲ್ಲ, ಏಕೆಂದರೆ ಬರಹದ ದಾಖಲೆ 18ನೇ ಶತಮಾನದಿಂದೀಚೆಗಷ್ಟೇ ಇದೆ. ಮೇಲಾಗಿ ಎಣಿಕೆಯ ಪದಗಳು ಪ್ರಾಸಕ್ಕಾಗಿ ಅಕ್ಕಪಕ್ಕದವನ್ನು ತಮ್ಮಂತೆ ಮಾಡಿಕೊಳ್ಳುತ್ತವೆ, ತೆದೆರ-ಮೆದೆರ ನೋಡಿ. ಅಲ್ಲಿ ಧ್ವನಿ ನಿಯಮ ಪೂರ್ತಿ ನಡೆಯುವುದಿಲ್ಲ.

ಇಷ್ಟಾದ ಮೇಲೆ ನಿಘಂಟು. ಕನ್ನಡಕ್ಕೆ ಮೊದಲು 1894ರ ಕಿಟೆಲ್ ನಿಘಂಟು ನೋಡಿ, ಅದರಲ್ಲಿ ಆಡುಮಾತಿನ ಪದಗಳು ಧಾರಾಳವಾಗಿವೆ. ನಂತರ ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು. ಅದು ಶಾಸನ, ಕಾವ್ಯಗಳ ಪ್ರಯೋಗ ಕೊಡುವುದರಿಂದ ಪದ ಎಷ್ಟು ಹಿಂದಕ್ಕೆ ಹೋಗುತ್ತದೆಂದು ತಿಳಿಯುತ್ತದೆ. ದ್ರಾವಿಡ ಬಂಧುಗಳಿಗಾಗಿ ಬರೋ ಮತ್ತು ಎಮೆನೋ ಅವರ ದ್ರಾವಿಡ ನಿರುಕ್ತ ನಿಘಂಟಿನ 1984ರ ಎರಡನೆಯ ಆವೃತ್ತಿ. ಅದರ ನಮೂದುಗಳು ತಮಿಳಿನ ಅಕ್ಷರಕ್ರಮದಲ್ಲಿವೆ, ಹೊಸಬರು ಇಲ್ಲೇ ಕಂಗೆಡುತ್ತಾರೆ. ಕೊನೆಯಲ್ಲಿರುವ ಕನ್ನಡ ಪದಸೂಚಿಯಿಂದ ಶುರು ಮಾಡಿ. ಪದ ಅಲ್ಲಿ ಇಲ್ಲದಿದ್ದರೆ ರೂಪ ಬದಲಿಸಿ ಹುಡುಕಿ: ಹ-ಕಾರಕ್ಕೆ ಪ-ಕಾರ, ಬ-ಕಾರಕ್ಕೆ ವ-ಕಾರ (ನಮ್ಮ ‘ಬೇರು’ ತಮಿಳಿನ ‘ವೇರ್’), ಇ-ಎ ಸ್ವರಗಳ ಮುಂಚಿನ ಕ-ಕಾರಕ್ಕೆ ಚ-ಕಾರ (ನಮ್ಮ ‘ಕಿವಿ’, ‘ಕೆರೆ’ ತೆಲುಗಿನ ‘ಚೆವಿ’, ‘ಚೆರುವು’). ಸಿಗದಿದ್ದರೆ ಮರಾಠಿ, ಉರ್ದು, ಪೋರ್ಚುಗೀಸ್ ಕಡೆ ತಿರುಗಿ, ಅದೂ ಆ ಸೀಮೆಯ ಜನ ಯಾರೊಡನೆ ವ್ಯವಹರಿಸಿದ್ದರು ಎಂಬುದನ್ನು ನೋಡಿಕೊಂಡು.

ನಿಘಂಟನ್ನೂ ಒಂದೇ ನಂಬಿ ಕೂರಬೇಡಿ. 1934ರ ವೆಬ್‌ಸ್ಟರ್ ಇಂಗ್ಲಿಷ್ ನಿಘಂಟಿನಲ್ಲಿ ‘ಡೋರ್ಡ್’ ಎಂಬ ಪದ, ಸಾಂದ್ರತೆ ಎಂಬ ಅರ್ಥದೊಡನೆ ಅಚ್ಚಾಯಿತು. ಅಂಥ ಪದವೇ ಇರಲಿಲ್ಲ. ‘D or d’, ಅಂದರೆ ‘ದೊಡ್ಡ ಡಿ ಅಥವಾ ಚಿಕ್ಕ ಡಿ, ಸಾಂದ್ರತೆಯ ಸಂಕೇತ’ ಎಂದು ಬರೆದ ಚೀಟಿಯನ್ನು ಯಾರೋ ಒಂದೇ ಪದವಾಗಿ ಓದಿದ್ದರು. ಗಮನಕ್ಕೆ ಬಂದದ್ದು 1939ರಲ್ಲಿ. ಒಂದೇ ನಿಘಂಟಿನಲ್ಲಿದ್ದು ಪ್ರಯೋಗದ ಉದಾಹರಣೆ ಇಲ್ಲದ ಪದವನ್ನು ಆಡುವವರ ಬಾಯಿಂದ ಕೇಳುವ ತನಕ ಬದಿಗಿಡಿ.

ಪ್ರತಿ ಪದಕ್ಕೆ ಒಂದು ಚೀಟಿ ಮಾಡಿ. ಅದರಲ್ಲಿ ಪದ, ಅದರ ಬಾಗಿದ ರೂಪಗಳು, ವಾಕ್ಯ, ಊರು, ಆಡಿದವರ ವಯಸ್ಸು ಮತ್ತು ಕಸುಬು, ಕೇಳಿದ ದಿನಾಂಕ ಇರಲಿ. ಸುತ್ತಲಿನ ಐದಾರು ಊರುಗಳಲ್ಲಿ ವಿಚಾರಿಸಿ, ಪದ ಎಲ್ಲಿ ನಿಲ್ಲುತ್ತದೆ, ಅಲ್ಲಿಂದಾಚೆ ಯಾವ ಪದ ಶುರುವಾಗುತ್ತದೆ ಎಂದು ಚೀಟಿಯ ಹಿಂಬದಿಯಲ್ಲಿ ಬರೆಯಿರಿ. ಮೂಲದ ಬಗ್ಗೆ ಬರೆಯುವಾಗ ಮೂರು ದರ್ಜೆ ಸಾಕು: ಧ್ವನಿ ನಿಯಮವೂ ಹಳೆಯ ದಾಖಲೆಯೂ ಕೂಡಿ ಬಂದರೆ ‘ಖಚಿತ’, ಒಂದು ಮಾತ್ರ ಇದ್ದರೆ ‘ಸಂಭವ’, ಕೇಳಲು ಒಂದೇ ಥರ ಇದೆ ಎನ್ನುವುದಷ್ಟೇ ಆಧಾರವಾದರೆ ‘ಹೋಲಿಕೆ ಮಾತ್ರ’. ಹುಡುಕಾಟವನ್ನು ಬಳಕೆ ತಪ್ಪಿದ ಉಪಕರಣಗಳ ಬಿಡಿಭಾಗಗಳಿಂದ, ನೇಗಿಲು, ಗಾಡಿ, ಮಗ್ಗ, ಏತಗಳಿಂದ ಶುರು ಮಾಡಿ. ವಸ್ತು ಅಟ್ಟ ಸೇರಿದ ಮೇಲೆ ಅದರ ಚಿಕ್ಕಪುಟ್ಟ ಭಾಗಗಳ ಹೆಸರು ತಿಳಿದವರು ಕೆಲವೇ ಜನ ಉಳಿದಿರುತ್ತಾರೆ. ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳುವುದಾದರೆ ಅವರ ಒಪ್ಪಿಗೆ ಪಡೆದು, ಮುದ್ರಿಕೆಯ ಆರಂಭದಲ್ಲೇ ಊರು ಮತ್ತು ದಿನಾಂಕವನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಪ್ರತಿ ಪದವನ್ನೂ ಅವರಿಂದ ಎರಡು ಸಲ, ಒಮ್ಮೆ ಬಿಡಿಯಾಗಿ, ಒಮ್ಮೆ ವಾಕ್ಯದಲ್ಲಿ ಹೇಳಿಸಿ.